ಮರಳಿ ಬರುವ ಬಾಣ

ಈ ಸಲ ನಾನು ಬರೆಯಹೊರಟಿರುವ ವಿಷಯವನ್ನು ಕೇಳಿದರೆ ಓದುಗ ಮಿತ್ರರು ನಗಬಹುದು. ಮೂವತ್ತಕ್ಕೂ ಹೆಚ್ಚು ವರ್ಷ ಸೀಮೆಸುಣ್ಣ ಹಿಡಿದ ಮೇಷ್ಟ್ರಿಗೆ ಬಿಲ್ಲುಬಾಣದ ಗೊಡವೆ ಏಕೆಂದು ಕೇಳಲೂಬಹುದು. ಗೊಡವೆ ತಾನಾಗಿಯೇ ಮನೆಬಾಗಿಲಿಗೆ ಬಂತು. ಬಂದದ್ದು ಹಳೆಯ ಸಾಲವೊಂದನ್ನು ನೆನಪಿಸಿತು. ಆದ್ದರಿಂದ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕಡೆ ಅವನ ಊರು. ಐದು ಎಕರೆ ಖುಷ್ಕಿ, ಅದರಲ್ಲಿ ಶೇಂಗಾ, ಬದುವಿನಲ್ಲಿ ತೊಗರಿ. "ಮೇಷ್ಟ್ರೇ, ನನ್ನ ಮಗ ಬಿಲ್ಲು ತರಿಸಿದ್ದಾನೆ. ಈಗ ಅದಕ್ಕೆ ಕಾರ್ಬನ್ ಬಾಣ ತರಿಸಬೇಕು. ಫೋನಿನಲ್ಲಿ ನೂರು ಬಗೆ ತೋರಿಸುತ್ತಾರೆ. ಎಲ್ಲ ಇಂಗ್ಲಿಷು, ಎಲ್ಲ ಅಂಕಿ. ಕಡಿಮೆ ದುಡ್ಡಿಗೆ ಒಳ್ಳೆಯದು ಯಾವುದೆಂದು ಓದಿ ಹೇಳಬೇಕು" ಎಂದ. ಯಾವುದಕ್ಕೆ ಬೇಕಪ್ಪ ಎಂದು ಕೇಳಿದೆ. ಕ್ಷಣಕಾಲ ಸುಮ್ಮನಿದ್ದು, "ಹಂದಿಗೆ" ಎಂದ. ಎರಡು ವರ್ಷದಿಂದ ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಕಾಡುಹಂದಿಯ ಹಿಂಡು ರಾತ್ರೋರಾತ್ರಿ ನೆಲ ಉತ್ತು ಹೋಗುತ್ತಿದೆ. ಬೀಜಕ್ಕೆ, ಗೊಬ್ಬರಕ್ಕೆ ಮಾಡಿದ ಸಾಲ ಹಾಗೆಯೇ ಉಳಿದಿದೆ.

ಬೇಡವೆಂದು ಒಂದೇ ಮಾತಿನಲ್ಲಿ ಹೇಳಿ ದೂರವಾಣಿ ಇಡಬಹುದಾಗಿತ್ತು. ನನ್ನಿಂದ ಸಾಧ್ಯವಾಗಲಿಲ್ಲ. ಅದಕ್ಕೆ ಕಾರಣ 1981ನೆಯ ಇಸವಿಯ ಒಂದು ಬೆಳಗು.

ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಶಿರಾ, ಪಾವಗಡ, ಕೊರಟಗೆರೆ, ಮಧುಗಿರಿ ಎಂಬ ಈ ನಾಲ್ಕು ತಾಲ್ಲೂಕುಗಳು ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ನನ್ನ ಸೇವೆಯೆಲ್ಲ ಈ ನಾಲ್ಕರ ಒಳಗೇ ಮುಗಿಯಿತು. ಇದೇ ವಿದ್ಯಾರ್ಥಿ ಆಗ ಹನ್ನೆರಡು ವರ್ಷದ ಹುಡುಗ, ನಾಯಕ ಜನಾಂಗದವನು. ಅವನ ತಾತ ಬೇಟೆಯಲ್ಲಿ ಹೆಸರಾದವನಂತೆ. ಹುಡುಗ ಒಂದು ದಿನ ತಾನೇ ಮಾಡಿದ ಬಿದಿರಿನ ಬಿಲ್ಲನ್ನೂ ಒಂದು ಕಟ್ಟು ಬಾಣಗಳನ್ನೂ ಶಾಲೆಗೆ ತಂದಿದ್ದ. ವಿರಾಮದಲ್ಲಿ ಹುಣಸೆಮರದ ಕೆಳಗೆ ಕೂತು ಆ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ, ನಡುವೆ ಹೆಬ್ಬೆರಳು ಒತ್ತಿ ಬಾಗಿಸಿ ನೋಡಿ, ಎರಡು ಗುಡ್ಡೆ ಮಾಡುತ್ತಿದ್ದ. ಏನು ಮಾಡುತ್ತಿದ್ದೀ ಎಂದು ಕೇಳಿದರೆ, "ಇವು ಮೆತ್ತಗಿನವು, ಇವು ಬಿರುಸಿನವು. ಈ ಬಿಲ್ಲಿಗೆ ಬಿರುಸಿನವು ಆಗುವುದಿಲ್ಲ, ಪಕ್ಕಕ್ಕೆ ಹೋಗುತ್ತವೆ" ಎಂದ. ನನಗೆ ಅದು ಉದ್ಧಟತನವಾಗಿ ಕೇಳಿಸಿತು. ಶಾಲೆಗೆ ಆಯುಧ ತರುವುದೇ ಎಂದು ಬೆತ್ತದಿಂದ ಬಾರಿಸಿ, ಎಲ್ಲ ಮಕ್ಕಳ ಎದುರಿಗೆ ಬಿಲ್ಲನ್ನು ಮೊಣಕಾಲಿಗೆ ಒತ್ತಿ ಮುರಿದೆ. ಹುಡುಗ ಅಳಲಿಲ್ಲ. ಕಡ್ಡಿಗಳನ್ನು ಮಾತ್ರ ಆರಿಸಿಕೊಂಡ. ಆ ವರ್ಷ ಕಳೆದ ಮೇಲೆ ಅವನು ಶಾಲೆಗೆ ಬರಲಿಲ್ಲ. ಬಿಟ್ಟದ್ದಕ್ಕೆ ಬಡತನವೂ ಕಾರಣ, ಕುರಿ ಕಾಯುವ ಕೆಲಸವೂ ಕಾರಣ. ಆದರೆ ನನ್ನ ಬೆತ್ತ ಕಾರಣವಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ನಲವತ್ತು ವರ್ಷಗಳ ಮೇಲೆ ಅದೇ ಮನುಷ್ಯ ನನ್ನನ್ನೇ ಕರೆದು, ಬಾಣ ಆರಿಸಿಕೊಡಿ ಎನ್ನುತ್ತಿದ್ದಾನೆ. ಹೀಗಾಗಿ ನಾನು ಕೂತು ಕಲಿತೆ. ಅಂತರ್ಜಾಲದಲ್ಲಿ ಓದಿದೆ, ಬಿಲ್ಲುಗಾರಿಕೆ ಬಲ್ಲವರನ್ನು ಕೇಳಿದೆ, ಅವನ ಮಗನನ್ನು ಮನೆಗೆ ಕರೆಸಿ ಕೈಯಾರೆ ಅಳೆದು ನೋಡಿದೆ. ಕಲಿತದ್ದರಲ್ಲಿ ಮೊದಲನೆಯ ವಿಷಯ ನನ್ನನ್ನೇ ನಾಚಿಸುವಂಥದು. ಆ ಹುಡುಗ 1981ರಲ್ಲಿ ಹುಣಸೆಮರದ ಕೆಳಗೆ ಮಾಡುತ್ತಿದ್ದುದು ಇಂದು ಜಗತ್ತಿನ ದೊಡ್ಡ ದೊಡ್ಡ ಬಾಣದ ಕಾರ್ಖಾನೆಗಳು ಮಾಡುವ ಕೆಲಸವೇ ಆಗಿತ್ತು.

ಬಾಣದ ಕಡ್ಡಿಯ ಬಾಗುವ ಗುಣಕ್ಕೆ ಅವರು ಸ್ಪೈನ್ ಎನ್ನುತ್ತಾರೆ. ಹೆದೆ ಬಿಟ್ಟ ಕ್ಷಣದಲ್ಲಿ ಬಾಣ ನೆಟ್ಟಗೆ ಹೋಗುವುದಿಲ್ಲ. ಹಿಂದಿನಿಂದ ತಳ್ಳಿದ ರಭಸಕ್ಕೆ ನಡುವೆ ಬಾಗಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು, ಮೀನಿನಂತೆ ಬಳುಕುತ್ತ ಸಾಗಿ ಆಮೇಲೆ ನೆಟ್ಟಗಾಗುತ್ತದೆ. ಬಿಲ್ಲಿನ ಬಲಕ್ಕೆ ತಕ್ಕಷ್ಟೇ ಅದು ಬಾಗಬೇಕು. ಹೆಚ್ಚು ಬಿರುಸಾದರೆ ಬಲಗೈ ಬಿಲ್ಲುಗಾರನ ಬಾಣ ಎಡಕ್ಕೆ ಹೋಗುತ್ತದೆ. ಹೆಚ್ಚು ಮೆತ್ತಗಾದರೆ ಬಲಕ್ಕೆ ಹೋಗುತ್ತದೆ. "ಪಕ್ಕಕ್ಕೆ ಹೋಗುತ್ತವೆ" ಎಂದು ಹುಡುಗ ಹೇಳಿದ್ದು ಶುದ್ಧ ಭೌತಶಾಸ್ತ್ರ. ವಿಜ್ಞಾನದ ಮೇಷ್ಟ್ರಾಗಿದ್ದ ನನಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು.

ಬಾಣ ಕೊಳ್ಳುವವರು ಮೊದಲು ನೋಡಬೇಕಾದದ್ದು ಬೆಲೆಯನ್ನೂ ಅಲ್ಲ, ಹೆಸರನ್ನೂ ಅಲ್ಲ, ಈ ಸ್ಪೈನ್ ಅಂಕಿಯನ್ನು. ಅಳೆಯುವ ಕ್ರಮ ಸರಳವಾಗಿದೆ. 28 ಅಂಗುಲ ದೂರದ ಎರಡು ಆಧಾರಗಳ ಮೇಲೆ ಕಡ್ಡಿಯನ್ನಿಟ್ಟು ನಟ್ಟನಡುವೆ 880 ಗ್ರಾಂ ತೂಕ ತೂಗುಹಾಕಬೇಕು. ಕಡ್ಡಿ ಅರ್ಧ ಅಂಗುಲ ಬಾಗಿದರೆ ಅದು 500, ಒಂದಂಗುಲ ಬಾಗಿದರೆ 1000. ಅಂದರೆ ಅಂಕಿ ಹೆಚ್ಚಿದಷ್ಟೂ ಕಡ್ಡಿ ಮೆತ್ತಗೆ. ಕೊಳ್ಳುವವರು ಮುಗ್ಗರಿಸುವುದು ಇಲ್ಲಿಯೇ. ದೊಡ್ಡ ಅಂಕಿ ಎಂದರೆ ಗಟ್ಟಿ ಎಂದು ತಿಳಿಯುತ್ತಾರೆ, ಇರುವುದು ಅದರ ತಲೆಕೆಳಗು.

ಈ ಹುಡುಗನ ಬಿಲ್ಲು 30 ಪೌಂಡಿನದು, ಕಲಿಯುವವರ ಬಿಲ್ಲು. ಅದಕ್ಕೆ 28 ಅಂಗುಲದ ಬಾಣವಾದರೆ 700ರಿಂದ 900ರ ಆಸುಪಾಸಿನ ಕಡ್ಡಿ ಹೊಂದುತ್ತದೆ. ಬೇಟೆಯ ಬಾಣವೆಂದು ಜಾಹೀರಾತಿನಲ್ಲಿ ಬರುವ 300, 340, 400ರ ಕಡ್ಡಿಗಳು ಅರವತ್ತು ಎಪ್ಪತ್ತು ಪೌಂಡಿನ, ರಾಟೆಗಳಿರುವ ಕಾಂಪೌಂಡ್ ಬಿಲ್ಲುಗಳಿಗೆ ಮಾಡಿದವು. ಅಗ್ಗದ ಡಜನ್ ಲೆಕ್ಕದಲ್ಲಿ ಮಾರಾಟಕ್ಕೆ ಬರುವವು ಹೆಚ್ಚಾಗಿ 500ರವು. ಯಾವ ಬಿಲ್ಲಿಗೂ ಆಗುತ್ತದೆ ಎಂದು ಅವುಗಳ ಮೇಲೆ ಬರೆದಿರುತ್ತಾರೆ. ಯಾವ ಕಾಲಿಗೂ ಆಗುವ ಚಪ್ಪಲಿ ಯಾವ ಕಾಲಿಗೂ ಸರಿಯಾಗಿ ಆಗುವುದಿಲ್ಲ.

ಹುಡುಗ ಮಾದರಿಗೆಂದು ಮೊದಲೇ ಮೂರು ಬಾಣ ತರಿಸಿಬಿಟ್ಟಿದ್ದ. ನಾವಿಬ್ಬರೂ ನಮ್ಮ ಮನೆಯ ಹಿಂಬದಿಯ ಹಲಗೆಗೆ 28 ಅಂಗುಲ ಬಿಟ್ಟು ಎರಡು ಮೊಳೆ ಹೊಡೆದೆವು. ಒಂದು ಲೀಟರಿನ ನೀರಿನ ಬಾಟಲಿಗೆ ಅಂಗಡಿಯ ತಕ್ಕಡಿಯಲ್ಲಿ ತೂಗಿ, ದಾರವೂ ಸೇರಿ 880 ಗ್ರಾಂ ಆಗುವಂತೆ ನೀರು ತುಂಬಿದೆವು. ಹಲಗೆಗೆ ಮಿಲಿಮೀಟರ್ ಗ್ರಾಫ್ ಕಾಗದ ಅಂಟಿಸಿದೆವು. ಬಾಗಿದ ಮಿಲಿಮೀಟರನ್ನು 25.4ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಸ್ಪೈನ್ ಸಿಗುತ್ತದೆ. ಮೂರು ಬಾಣಗಳ ಮೇಲೂ 500 ಎಂದೇ ಅಚ್ಚಾಗಿತ್ತು. ಒಂದು ಹನ್ನೆರಡೂವರೆ ಮಿಲಿಮೀಟರ್ ಬಾಗಿತು, ಇನ್ನೊಂದು ಹದಿಮೂರು, ಮತ್ತೊಂದು ಹದಿನೈದು. ಲೆಕ್ಕ ಹಾಕಿದರೆ 492, 512, 591. ಒಂದೇ ಪೊಟ್ಟಣದ ಮೂರು ಬಾಣಗಳು ಮೂರು ದಾರಿ ಹಿಡಿಯುವುದು ನಿಶ್ಚಯ. ಹುಡುಗನ ಮುಖ ಸಪ್ಪಗಾಯಿತು. ನನಗೆ ಮಾತ್ರ ನಿವೃತ್ತಿಯ ನಂತರ ಮೊದಲ ಬಾರಿ ಪ್ರಯೋಗಶಾಲೆಯಲ್ಲಿ ನಿಂತ ಸಂತೋಷವಾಯಿತು.

ಆಮೇಲೆ ತೂಕ. ಬಾಣದ ತೂಕವನ್ನು ಗ್ರೇನ್ ಎಂಬ ಹಳೆಯ ಇಂಗ್ಲಿಷ್ ಮಾನದಲ್ಲಿ ಹೇಳುತ್ತಾರೆ. ನಮ್ಮ ಅಕ್ಕಸಾಲಿಗರ ಗುಲಗಂಜಿ ಎರಡು ಗ್ರೇನಿಗೆ ಸ್ವಲ್ಪ ಕಡಿಮೆ. ಆದ್ದರಿಂದ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲೇ ತೂಗಿಸಿದೆ. ಚಿನ್ನ ತೂಗುವ ತಟ್ಟೆಯಲ್ಲಿ ಬಾಣ ಇಟ್ಟದ್ದನ್ನು ಕಂಡು ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೂರರಲ್ಲಿ ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಇಪ್ಪತ್ತು ಗ್ರೇನಿಗಿಂತ ಹೆಚ್ಚು ವ್ಯತ್ಯಾಸ. ಹಗುರವಾದದ್ದು ಮೇಲಕ್ಕೆ ಬೀಳುತ್ತದೆ, ಭಾರವಾದದ್ದು ಕೆಳಕ್ಕೆ. ಹಗುರ ಬಾಣ ವೇಗವಾಗಿ ಹೋಗುತ್ತದೆಂದು ತೀರ ಹಗುರವಾದದ್ದನ್ನು ಕೊಳ್ಳಬಾರದು. ಬಾಣ ಹೊತ್ತೊಯ್ಯಲಾರದ ಶಕ್ತಿ ಬಿಲ್ಲಿಗೇ ಮರಳಿ ಅದನ್ನು ಸೀಳುತ್ತದೆ. ಕಾಂಪೌಂಡ್ ಬಿಲ್ಲಿನ ತಯಾರಕರು ಸಾಮಾನ್ಯವಾಗಿ ಪೌಂಡಿಗೆ ಕನಿಷ್ಠ 5 ಗ್ರೇನ್ ಎನ್ನುತ್ತಾರೆ. ಮರದ, ಬಿದಿರಿನ ಬಿಲ್ಲಿಗೆ ಎಂಟು ಅಥವಾ ಅದಕ್ಕೂ ಹೆಚ್ಚು ಇರುವುದು ಕ್ಷೇಮ. 30 ಪೌಂಡಿಗೆ 240 ಗ್ರೇನ್, ಅಂದರೆ ಸುಮಾರು ಹದಿನೈದೂವರೆ ಗ್ರಾಂ.

ಇನ್ನು ದುಡ್ಡಿನ ಮಾತು. ಕಾರ್ಬನ್ ಕಡ್ಡಿಗಳ ಬೆಲೆಯಲ್ಲಿ ಅಷ್ಟೊಂದು ಅಂತರ ಏಕೆ? ಬಹುಮಟ್ಟಿಗೆ ಅದು ನೆಟ್ಟಗಿರುವಿಕೆಯ ಬೆಲೆ. ಒಂದೇ ಕಾರ್ಖಾನೆಯಲ್ಲಿ ಒಂದೇ ಬಗೆಯಾಗಿ ಮಾಡಿದ ಕಡ್ಡಿಗಳನ್ನು ಅಳೆದು, ಒಂದಂಗುಲದ ಸಾವಿರದ 1 ಪಾಲು, 3 ಪಾಲು, 6 ಪಾಲು ಸೊಟ್ಟಗಿರುವವು ಎಂದು ವಿಂಗಡಿಸಿ, ಮೊದಲನೆಯದಕ್ಕೆ ದುಬಾರಿ ಬೆಲೆಯನ್ನೂ ಕೊನೆಯದಕ್ಕೆ ಅಗ್ಗದ ಬೆಲೆಯನ್ನೂ ಇಡುವ ಪದ್ಧತಿ ಇದೆ. ಸಾವಿರದ 3 ಪಾಲೆಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಮೂವತ್ತು ಮೀಟರಿನಲ್ಲಿ ಹುಲ್ಲಿನ ಕಂತೆಗೆ ಹೊಡೆಯುವ ಕಲಿಕೆಯವನ ಕೈನಡುಕದ ಮುಂದೆ ಈ ಕೂದಲಿನ ದಪ್ಪ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನೆಟ್ಟಗಿರುವಿಕೆಯಲ್ಲಿ 6ರ ದರ್ಜೆ ಸಾಕು, ಉಳಿಸಿದ ಹಣವನ್ನು ಸ್ಪೈನ್ ಮತ್ತು ತೂಕ ಹೊಂದಿಸಿದ ಒಂದೇ ಕಂತಿನ ಬಾಣಗಳಿಗೆ ಹಾಕಿ. ಒಂದು ಗಾಜಿನ ಹಲಗೆಯ ಮೇಲೆ ಉರುಳಿಸಿ ನೋಡಿದರೆ ಸೊಟ್ಟಗಿನವು ತಾವಾಗಿಯೇ ಕುಣಿದು ತೋರಿಸುತ್ತವೆ.

ಇನ್ನೆರಡು ಮಾತು. ಒಳವ್ಯಾಸ 6.2 ಮಿಲಿಮೀಟರಿನ ಕಡ್ಡಿ ಬಹಳ ಬಳಕೆಯಲ್ಲಿರುವುದರಿಂದ ಅದರ ಹಿಂಗಚ್ಚು, ಮುಂಗೂಟ, ಮೊನೆಗಳು ಸುಲಭವಾಗಿಯೂ ಅಗ್ಗವಾಗಿಯೂ ಸಿಗುತ್ತವೆ. ಸಣ್ಣ ವ್ಯಾಸದ ಕಡ್ಡಿ ಗಾಳಿಗೆ ಕಡಿಮೆ ಜಗ್ಗುತ್ತದೆ ನಿಜ. ಆದರೆ ಅದರ ಬಿಡಿಭಾಗಗಳ ಖರ್ಚು ಬಾಣದ ಖರ್ಚನ್ನೇ ನುಂಗುತ್ತದೆ. ಬೆಳೆಯುವ ಹುಡುಗರಿಗೆ ಬಾಣ ಒಂದೆರಡು ಅಂಗುಲ ಉದ್ದವೇ ಇರಲಿ. ಗಿಡ್ಡ ಬಾಣ ಎಳೆದಾಗ ಹಿಡಿಯಿಂದ ಹಿಂದಕ್ಕೆ ಜಾರಿ ಎಡಗೈಗೇ ನೆಡಬಹುದು. ಕತ್ತರಿಸಬೇಕಾದರೆ ಗರಗಸ ಬೇಡ, ವೇಗವಾಗಿ ತಿರುಗುವ ಸಾಣೆಚಕ್ರದಲ್ಲಿ ಮಾಡಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕಾರ್ಬನ್ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಕಾರ್ಬನ್ ಬಾಣ ಅಲ್ಯೂಮಿನಿಯಮ್ಮಿನಂತೆ ಬಾಗಿ ಎಚ್ಚರಿಕೆ ಕೊಡುವುದಿಲ್ಲ. ಹೊರಗೆ ನೆಟ್ಟಗೆ ಕಾಣುತ್ತಲೇ ಒಳಗೆ ಸೀಳಿರುತ್ತದೆ. ಸೀಳಿದ್ದನ್ನು ಹೂಡಿದರೆ ಹೆದೆ ಬಿಟ್ಟ ಕ್ಷಣ ಚೂರುಚೂರಾಗಿ ಬಿಲ್ಲು ಹಿಡಿದ ಕೈಗೆ ಹೊಕ್ಕುತ್ತದೆ. ಪ್ರತಿ ಸಲ ಹೂಡುವ ಮುನ್ನ ಎರಡು ತುದಿ ಹಿಡಿದು ಮೆಲ್ಲಗೆ ಬಾಗಿಸಿ, ಕಿವಿಯ ಹತ್ತಿರ ತಂದು ಕೇಳಿ. ಚಟಚಟ ಸದ್ದಾದರೆ ಎರಡು ತುಂಡು ಮಾಡಿ ಎಸೆಯಿರಿ. ಉಳಿತಾಯದ ಹೆಸರಿನಲ್ಲಿ ಸೀಳಿದ ಬಾಣ ಇಟ್ಟುಕೊಳ್ಳುವವನಿಗಿಂತ ದುಬಾರಿ ಮನುಷ್ಯನಿಲ್ಲ.

ಇಷ್ಟಾಯಿತು, ಬಾಣ ಆರಿಸುವ ವಿದ್ಯೆ. ಇನ್ನು ಅದನ್ನು ಯಾವುದಕ್ಕೆ ಹೂಡಬೇಕೆಂಬ ಮಾತು. ಇಲ್ಲಿ ನನ್ನ ಹಳೆಯ ವಿದ್ಯಾರ್ಥಿಗೂ ನನಗೂ ಜಗಳವಾಯಿತು.

ಕಾನೂನಿನ ಸಂಗತಿಯನ್ನು ಮೊದಲು ಹೇಳಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ವಿಷವಿಡುವುದು, ಇವುಗಳ ಪ್ರಯತ್ನ ಮಾಡುವುದು ಎಲ್ಲವೂ ಸೇರುತ್ತದೆ. ಬಾಣ ತಪ್ಪಿತು ಎಂದರೆ ಅಪರಾಧ ತಪ್ಪುವುದಿಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದರೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅವನ ಹೊಲದ ಆಚೆಗೇ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. 2007ರಲ್ಲಿ ಘೋಷಣೆಯಾದ, ಸುಮಾರು 798 ಎಕರೆಯ ಹುಲ್ಲುಗಾವಲು. ಆ ಕೃಷ್ಣಮೃಗಗಳು ಬೇಲಿ ನೋಡಿ ಓಡಾಡುವುದಿಲ್ಲ, ಅವನ ಹೊಲಕ್ಕೂ ಬರುತ್ತವೆ. ಅದು ಒಂದನೆಯ ಅನುಸೂಚಿಯ ಪ್ರಾಣಿ. ಅದಕ್ಕೆ ಬಾಣ ತಗುಲಿದರೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಸೆರೆ, ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲದ ದಂಡ. 1998ರ ಕೃಷ್ಣಮೃಗ ಬೇಟೆಯ ಮೊಕದ್ದಮೆಯಲ್ಲಿ ಹೆಸರಾಂತ ಚಿತ್ರನಟರೊಬ್ಬರಿಗೆ ಜೋಧಪುರದ ನ್ಯಾಯಾಲಯ 2018ರಲ್ಲಿ ಐದು ವರ್ಷದ ಶಿಕ್ಷೆ ವಿಧಿಸಿದ್ದನ್ನು ಎಲ್ಲರೂ ಓದಿದ್ದೇವೆ. ಅವರಿಗೆ ದೊಡ್ಡ ವಕೀಲರಿದ್ದರು, ಜಾಮೀನು ಸಿಕ್ಕಿತು. ಮೈದನಹಳ್ಳಿಯ ಕಡೆಯ ರೈತನ ಮಗನಿಗೆ ಯಾರಿದ್ದಾರೆ?

ಅವನು ಶಾಂತವಾಗಿ ಕೇಳಿಸಿಕೊಂಡು, "ಮೇಷ್ಟ್ರೇ, ಕಾನೂನು ಹಂದಿಗೆ ಉಂಟು, ಶೇಂಗಾಕ್ಕೆ ಇಲ್ಲವೇ?" ಎಂದ. ಆ ಪ್ರಶ್ನೆಗೆ ನನ್ನಲ್ಲಿ ತಕ್ಷಣದ ಉತ್ತರವಿರಲಿಲ್ಲ. ತಿಂಗಳ ಮೊದಲ ವಾರ ಪಿಂಚಣಿ ಬರುವ ನನ್ನಂಥವನು ಸಾಲದಲ್ಲಿರುವ ರೈತನಿಗೆ ಅಹಿಂಸೆ ಬೋಧಿಸುವುದು ಸುಲಭ. ಹಂದಿಯ ಹಿಂಡು ಒಂದು ರಾತ್ರಿಯಲ್ಲಿ ಮಾಡುವ ನಾಶವನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೋಪಕ್ಕೆ ಕಾರಣವಿದೆ.

ಆದರೂ ಆ ಕೋಪಕ್ಕೆ ಬಾಣ ಉತ್ತರವಲ್ಲವೆಂದು ನಾನು ಹೇಳುವುದು ಕಾನೂನಿನ ಭಯದಿಂದ ಮಾತ್ರವಲ್ಲ. ಬಾಣ ಗುಂಡಿನಂತೆ ಆಘಾತದಿಂದ ಬೀಳಿಸುವುದಿಲ್ಲ. ಅಗಲವಾದ ಅಲಗು ರಕ್ತನಾಳ ಕತ್ತರಿಸಿ, ರಕ್ತ ಸೋರಿ ಪ್ರಾಣಿ ಸಾಯಬೇಕು. ಬಿಲ್ಲುಬೇಟೆಗೆ ಅನುಮತಿಯಿರುವ ಅಮೆರಿಕದಲ್ಲಿ ಕೂಡ ಹಲವು ರಾಜ್ಯಗಳು ಬಿಲ್ಲಿನ ಕನಿಷ್ಠ ಬಲವನ್ನು ನಿಗದಿಪಡಿಸಿವೆ. ಬ್ರಿಟನ್ನಿನಲ್ಲಿ ಬಿಲ್ಲಿನ ಬೇಟೆಯೇ ನಿಷಿದ್ಧ. ಇವನ ಮಗನ 30 ಪೌಂಡಿನ ಕಲಿಕೆಯ ಬಿಲ್ಲಿನಿಂದ ಹೊರಟ ಬಾಣ ಸಲಗದ ಭುಜದ ಗಟ್ಟಿ ಚರ್ಮದಲ್ಲಿ ಸಿಕ್ಕಿಕೊಂಡರೆ, ಅದು ಲಂಟಾನ ಪೊದೆಯಲ್ಲಿ ದಿನಗಟ್ಟಲೆ ನರಳುತ್ತದೆ. ಬೆಳಗ್ಗೆ ಸೌದೆಗೆಂದು ಹೋದ ಹೆಂಗಸಿನ ಮೇಲೆ ನುಗ್ಗುವುದು ಅದೇ ಗಾಯಗೊಂಡ ಹಂದಿ.

ಇನ್ನೊಂದು ಮಾತು ಹೇಳಿದಾಗ ಅವನು ತಲೆತಗ್ಗಿಸಿದ. ಹಂದಿ ಬರುವುದು ರಾತ್ರಿ. ಕತ್ತಲಲ್ಲಿ ಗುರಿಯಿಡುವುದೆಂದರೆ ಸದ್ದಿಗೆ ಬಾಣ ಬಿಡುವುದು. ದಶರಥ ಮಾಡಿದ್ದೂ ಅದನ್ನೇ. ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ತಿಳಿದ. ಸತ್ತದ್ದು ಕುರುಡು ತಂದೆತಾಯಿಯ ಏಕೈಕ ಆಸರೆಯಾದ ಶ್ರವಣಕುಮಾರ. ಸೀಮೆಯ ಹೊಲಗಳಲ್ಲಿ ರಾತ್ರಿ ಕಾವಲಿರುವವರು, ಕರೆಂಟು ಬಂದ ಹೊತ್ತಿಗೆ ಮೋಟಾರು ಹಾಕಲು ಹೋಗುವವರು, ಎಲ್ಲರೂ ಪೊದೆಗಳ ನಡುವೆ ಓಡಾಡುವವರೇ. ಶಬ್ದವೇಧಿ ವಿದ್ಯೆ ಚಕ್ರವರ್ತಿಗೇ ಶಾಪವಾಗಿದ್ದರೆ ನಮ್ಮಂಥವರ ಪಾಡೇನು?

ದಾರಿಯೇ ಇಲ್ಲವೆಂದಲ್ಲ. ಅದೇ ಕಾಯ್ದೆಯ 11ನೆಯ ವಿಧಿಯಲ್ಲಿ, ಎರಡನೆಯ ಅನುಸೂಚಿಯ ಪ್ರಾಣಿ ಜನರಿಗೆ ಅಥವಾ ನಿಂತ ಬೆಳೆಗೆ ಅಪಾಯಕಾರಿಯಾದಾಗ, ಅಧಿಕಾರಿ ಕಾರಣ ಬರೆದು ಲಿಖಿತ ಆದೇಶದಿಂದ ಕ್ರಮಕ್ಕೆ ಅನುಮತಿ ಕೊಡಬಹುದೆಂದಿದೆ. ಆ ಅನುಮತಿ ಕೇಳುವವರಿಗೆ ಸಿಗುವ ಹೊತ್ತಿಗೆ ಬೆಳೆ ಇರುವುದಿಲ್ಲ ಎನ್ನುವುದು ಬೇರೆ ಮಾತು. ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಯಲ್ಲಿ ಅರ್ಜಿ ಹಾಕುವ ಕ್ರಮವಿದೆ. ಹತ್ತು ಹೊಲದವರು ಒಟ್ಟಾಗಿ ಸರದಿಯ ಮೇಲೆ ಕಾವಲಿದ್ದರೆ, ಒಟ್ಟಾಗಿ ಬೇಲಿ ಹಾಕಿದರೆ ಒಬ್ಬೊಬ್ಬರ ಖರ್ಚು ಕಡಿಮೆಯಾಗುತ್ತದೆ. ಅರ್ಜಿಯನ್ನು ನಾನೇ ಬರೆದುಕೊಟ್ಟೆ, ಫೋಟೋ ತೆಗೆಸಿ ಲಗತ್ತಿಸಿದೆ. ಈ ಸಾಲುಗಳನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಕಾನೂನು ಪಾಲಿಸಿ ಎಂದು ರೈತನಿಗೆ ಹೇಳುವ ಸರ್ಕಾರಕ್ಕೆ, ಆ ಕಾನೂನಿನ ಭಾರವನ್ನು ಹೊಲದ ಅಂಚಿನವನ ತಲೆಯ ಮೇಲೊಂದೇ ಹೊರಿಸದಿರುವ ಹೊಣೆಯೂ ಇದೆ. ಇದನ್ನು ಒತ್ತಿ ಹೇಳದೆ ಬೇಟೆ ನಿಲ್ಲಿಸಿ ಎನ್ನುವುದು ಅರ್ಧ ನ್ಯಾಯ.

ನಮ್ಮ ಈ ಸೀಮೆ ಕಾಡುಪ್ರಾಣಿಯನ್ನು ಕಂಡರೆ ಆಯುಧ ಎತ್ತುವ ಸೀಮೆಯೇನಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ನೋಡಿ. ಊರ ನಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು, ಬೂದುಬಣ್ಣದ ಬಕಗಳು ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆಯ ವಾಸನೆ, ಗದ್ದಲ ಎಲ್ಲವನ್ನೂ ಸಹಿಸಿಕೊಂಡು ಊರವರು ಕಾಯುತ್ತಾರೆ. ಅದೇ ಸೀಮೆಯ ಬೇರೆ ಊರುಗಳಲ್ಲಿ ಸಂಕ್ರಾಂತಿ, ಯುಗಾದಿಗಳಿಗೆ ಮೊಲದ ಬೇಟೆ ನಡೆಯುತ್ತಿದ್ದುದೂ ನಿಜ. ಬಾಲ್ಯದಲ್ಲಿ ನಾನೂ ಸೋವುವವರ ಸಾಲಿನಲ್ಲಿ ತಮಟೆ ಬಡಿದಿದ್ದೇನೆ. ಎರಡೂ ನಮ್ಮವೇ. ಯಾವುದನ್ನು ಉಳಿಸಿಕೊಳ್ಳಬೇಕೆಂದು ನಿರ್ಧರಿಸುವ ಕೆಲಸ ಪ್ರತಿ ತಲೆಮಾರಿನದು.

ಆದರೆ ಬೇಟೆ ಬೇಡ ಎನ್ನುವಾಗ ಬಿಲ್ಲೂ ಬೇಡ ಎಂದು ನಾನು ಮತ್ತೊಮ್ಮೆ ಹೇಳಲಾರೆ. ಒಮ್ಮೆ ಹೇಳಿ ಆಗಿದೆ. 1857ರಲ್ಲಿ ಜನರ ಆಯುಧ ಕಸಿಯುವ ಕಾಯ್ದೆ ತಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪದೆ ಹೋರಾಡಿ ಸತ್ತರೆಂದು ನಾನೇ ಪಾಠದಲ್ಲಿ ರೋಮಾಂಚನದಿಂದ ಹೇಳಿಕೊಡುತ್ತಿದ್ದೆ. ನನ್ನ ಕೈಯಲ್ಲಿ ಮುರಿದ ಬಿಲ್ಲಿಗೂ ಆ ಪಾಠಕ್ಕೂ ಸಂಬಂಧವಿದೆ ಎಂಬುದು ಆಗ ಹೊಳೆಯಲಿಲ್ಲ. ಕೈಯಲ್ಲಿದ್ದ ವಿದ್ಯೆಯನ್ನು ಕಸಿದು, ಅದರ ಬದಲು ಏನನ್ನೂ ಕೊಡದಿರುವುದು ಶಿಕ್ಷಣವಲ್ಲ.

ಕೊಡಲು ಏನೂ ಇರಲಿಲ್ಲವೆಂದೂ ಅಲ್ಲ. ಭಾರತದಲ್ಲಿ ವನ್ಯಜೀವಿ ಕಾಯ್ದೆ ಬಂದ 1972ರಲ್ಲಿಯೇ, ಐವತ್ತೆರಡು ವರ್ಷಗಳ ನಂತರ, ಮ್ಯೂನಿಕ್ ಒಲಿಂಪಿಕ್ಸಿಗೆ ಬಿಲ್ಲುಗಾರಿಕೆ ಮರಳಿ ಬಂತು. ಮರುವರ್ಷ, 1973ರಲ್ಲಿ, ಭಾರತೀಯ ಬಿಲ್ಲುಗಾರಿಕೆ ಸಂಸ್ಥೆ ಹುಟ್ಟಿತು. ಬೇಟೆಯ ಬಾಗಿಲು ಮುಚ್ಚಿದ ವರ್ಷವೇ ಗುರಿಪಟದ ಬಾಗಿಲು ತೆರೆಯಿತು. ಆ ಬಾಗಿಲಿನ ಒಳಗೆ ಹೋದವರುಂಟು. ರಾಜಸ್ಥಾನದ ಆದಿವಾಸಿ ಹುಡುಗ ಲಿಂಬಾರಾಮ್ ಬಿದಿರಿನ ಬಿಲ್ಲಿನಿಂದ ಆರಂಭಿಸಿ ಒಲಿಂಪಿಕ್ಸಿಗೆ ಹೋದರು, 2012ರಲ್ಲಿ ಪದ್ಮಶ್ರೀ ಪಡೆದರು. ಝಾರ್ಖಂಡಿನ ದೀಪಿಕಾ ಕುಮಾರಿ ಕಲ್ಲಿನಿಂದ ಮಾವಿನಕಾಯಿ ಉದುರಿಸುತ್ತ ಗುರಿ ಕಲಿತವರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್ ಬಿಲ್ಲಿನ ಐದೂ ಚಿನ್ನ ಭಾರತಕ್ಕೆ ಬಂದವು. ಹುಟ್ಟಿನಿಂದ ತೋಳುಗಳಿಲ್ಲದ ಶೀತಲ್ ದೇವಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಕಾಲಿನಿಂದ ಬಿಲ್ಲು ಹಿಡಿದು ಮಿಶ್ರ ತಂಡದ ಕಂಚು ಗೆದ್ದರು. 1981ರಲ್ಲಿ ಇದೆಲ್ಲ ನನಗೆ ಗೊತ್ತಿರಲಿಲ್ಲ, ಗೊತ್ತಿರಲು ಸಾಧ್ಯವೂ ಇರಲಿಲ್ಲ. ಆದರೆ ಕಡ್ಡಿಗಳನ್ನು ಏಕೆ ಎರಡು ಗುಡ್ಡೆ ಮಾಡುತ್ತೀ ಎಂದು ಇನ್ನೊಂದು ಪ್ರಶ್ನೆ ಕೇಳುವುದು ಸಾಧ್ಯವಿತ್ತು.

ಕಾರ್ಬನ್ ಬಾಣ ಕೊಳ್ಳಲು ಆಗದ ಮಕ್ಕಳಿಗೂ ದಾರಿಯಿದೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವಿದೆ. ಅದರಲ್ಲಿ ಬಳಸುವುದು ಬಿದಿರಿನ ಬಿಲ್ಲು, ಬಿದಿರು ಅಥವಾ ಮರದ ಬಾಣ. ದುಬಾರಿ ಸಲಕರಣೆ ಬೇಕಾಗಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳ ಕ್ರೀಡಾಕೂಟಗಳಿಗೆ ನಾನು ವರ್ಷವರ್ಷವೂ ಹೋಗಿದ್ದೇನೆ. ಕಬಡ್ಡಿ, ಖೊಖೊ, ಥ್ರೋಬಾಲ್ ಎಲ್ಲವೂ ಇದ್ದವು. ಬಿಲ್ಲು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ನಿಡಗಲ್ಲಿನಿಂದ ಚನ್ನರಾಯನದುರ್ಗದವರೆಗೆ ಪಾಳೆಯಗಾರರ ಕೋಟೆಗಳಿರುವ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿರುವ ಸೀಮೆಯಲ್ಲಿ ಇದೊಂದು ವಿಪರ್ಯಾಸ. ಒಂದು ತಾಲ್ಲೂಕಿಗೆ ಒಂದು ಶಾಲೆಯ ಹಿಂದಿನ ಮಣ್ಣಿನ ದಿಬ್ಬ, ಒಂದು ಹುಲ್ಲಿನ ಕಂತೆ, ಆರು ಬಿದಿರಿನ ಬಿಲ್ಲು, ತಿಳಿದ ಒಬ್ಬ ತರಬೇತುದಾರ ಇಷ್ಟಾದರೆ ಸಾಕು. ಬಿಲ್ಲು ಮಾಡಿಕೊಡಬಲ್ಲ ಹಿರಿಯರು ಈಗಲೂ ಅಲ್ಲಲ್ಲಿ ಇದ್ದಾರೆ. ಅವರು ಹೋದ ಮೇಲೆ ನಾವು ಪುಸ್ತಕ ನೋಡಿ ಕಲಿಯಬೇಕಾದೀತು.

ಕಡೆಗೆ ನಾವು ಬಾಣ ತರಿಸಿದೆವು. ಆರೇ ಆರು, ಸ್ಪೈನ್ 800, ನೆಟ್ಟಗಿರುವಿಕೆ 6ರ ದರ್ಜೆ, ಒಳವ್ಯಾಸ 6.2, ಮೊನೆಗೆ ಗುರಿಪಟದ ದುಂಡು ಮೊನೆ. ಅಗಲ ಅಲಗಿನದು ಬೇಡವೆಂಬ ಕರಾರಿನ ಮೇಲೆಯೇ ಅರ್ಧ ಹಣ ನಾನು ಹಾಕಿದೆ. ಇದು ದಾನವಲ್ಲ, ಮುರಿದ ಬಿಲ್ಲಿನ ಬಾಕಿ. ಮೊಳೆ ಹೊಡೆದ ಹಲಗೆಯ ಮೇಲೆ ಆರನ್ನೂ ಅಳೆದೆವು. ಎಲ್ಲವೂ ಇಪ್ಪತ್ತು ಮಿಲಿಮೀಟರಿನ ಆಚೀಚೆ ಅರ್ಧ ಮಿಲಿಮೀಟರಿನೊಳಗೆ ಬಾಗಿದವು.

ಆಗ ತಂದೆಯೂ ಬಂದಿದ್ದ. ಅವನು ಹಲಗೆಯನ್ನೂ ಬಾಟಲಿಯನ್ನೂ ನೋಡಿ ಏನೂ ಮಾತನಾಡದೆ ಆರು ಬಾಣಗಳನ್ನು ಕೈಗೆ ತೆಗೆದುಕೊಂಡ. ಒಂದೊಂದನ್ನೂ ಎತ್ತಿ, ನಡುವೆ ಹೆಬ್ಬೆರಳು ಒತ್ತಿ ಬಾಗಿಸಿದ. ಐದನ್ನು ಒಂದು ಕಡೆ ಇಟ್ಟು ಒಂದನ್ನು ಬೇರೆ ಇಟ್ಟ. "ಇದು ಒಂದು ಚೂರು ಮೆತ್ತಗಿದೆ" ಎಂದ. ನಾನು ಬರೆದಿಟ್ಟ ಕಾಗದ ನೋಡಿದೆ. ನಿಜವಾಗಿಯೂ ಅದೊಂದೇ ಉಳಿದವುಗಳಿಗಿಂತ ಅರ್ಧ ಮಿಲಿಮೀಟರ್ ಹೆಚ್ಚು ಬಾಗಿತ್ತು.

ಒಳ್ಳೆಯ ಬಾಣದ ಬೆಲೆ ಎಷ್ಟೆಂದು ಕೇಳಿದರೆ ಈಗ ನನ್ನ ಉತ್ತರ ಹೀಗಿದೆ. ಹುಲ್ಲಿನ ಕಂತೆಗೆ ಹೊಡೆದ ಬಾಣವನ್ನು ನಡೆದು ಹೋಗಿ ಕಿತ್ತು ತಂದು ಮತ್ತೆ ಹೂಡಬಹುದು. ಸಾವಿರ ಸಲ ಹೂಡಿದರೆ ಅದರ ಬೆಲೆ ಸಾವಿರ ಪಾಲಾಗುತ್ತದೆ. ಹಂದಿಯ ಮೈಗೆ ಹೊಕ್ಕ ಬಾಣ ಒಂದೇ ಸಲಕ್ಕೆ ಮುಗಿಯಿತು, ಅದರ ಜೊತೆಗೆ ಇನ್ನೇನೇನು ಮುಗಿಯುತ್ತದೋ ಹೇಳಲಾಗದು. ಮರಳಿ ಬರುವ ಬಾಣವೇ ಅಗ್ಗದ ಬಾಣ.

ಹಂದಿಗಳು ಈ ವರ್ಷವೂ ಬರುತ್ತವೆ. ಅರ್ಜಿಯ ಬೆನ್ನು ಹತ್ತಿ ಬರುವ ಸೋಮವಾರ ಮತ್ತೆ ಕಚೇರಿಗೆ ಹೋಗಬೇಕಾಗಿದೆ. ಅವನ ಜೊತೆ ನಾನೂ ಹೋಗುತ್ತೇನೆ.